ಕಳಕವ್ವನ ಉಪ್ಪಿನ ಗಂಟು

ನರಗುಂದದ ಗುಡ್ಡದ ಕೆಳಗಿನ ವೃದ್ಧಾಶ್ರಮದಲ್ಲಿ ಔಷಧದ ಕಪಾಟಿನ ಕೀಲಿ ನರ್ಸ್ ಪುಷ್ಪಾವತಿಯ ಸೊಂಟದಲ್ಲೇ ಇರುತ್ತದೆ. ರಾಜೂರಿನ ಈ ಹೆಣ್ಣುಮಗಳ ಮಾತು ಖಾರ, ಹಟ ಅದಕ್ಕಿಂತ ಖಾರ. ಒಬ್ಬರ ಮೊಣಕಾಲು ನೋವಿನ ಗುಳಿಗೆ ಇನ್ನೊಬ್ಬರ ಬಾಯಿಗೆ ಹೋಗಕೂಡದು. ಎದುರು ನಿಂತು ನುಂಗಿಸಿ, ಬಾಯಿ ತೆರೆಸಿ ನೋಡಿದ ಮೇಲೇ ಮುಂದಿನ ಮಂಚ. ಮುದುಕರೆಲ್ಲ ಸೇರಿ ಅವಳಿಗೆ ಪೊಲೀಸ್ ಫೌಜದಾರ ಎಂದು ಹೆಸರಿಟ್ಟಿದ್ದಾರೆ. ಅದು ಅವಳಿಗೆ ಗೊತ್ತು, ಒಳಗೊಳಗೇ ಖುಷಿಯೂ ಇದೆ.

ಇಂಥ ಫೌಜದಾರನ ಕಣ್ಣನ್ನೂ ತಪ್ಪಿಸಿದ್ದು ಒಂದು ಉಪ್ಪಿನ ಗಂಟು. ಮುಶಿಗೇರಿಯ ರೇಣವ್ವನಿಗೆ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ಡಾಕ್ಟರು ನೋವಿಗೆ ಪ್ಯಾಚ್ ಬರೆದಿದ್ದರು. ಚರ್ಮಕ್ಕೆ ಅಂಟಿಸಿದರೆ ಅದರೊಳಗಿನ ಅಮಲಿನ ಔಷಧ ಸ್ವಲ್ಪಸ್ವಲ್ಪವೇ ಮೈಗೆ ಇಳಿಯುತ್ತದೆ. ಪುಷ್ಪಾವತಿ ಅದನ್ನು ಬೆನ್ನ ಮೇಲ್ಭಾಗಕ್ಕೆ ಅಂಟಿಸಿದ್ದಳು. ಪಕ್ಕದ ಮಂಚದ ಕಳಕವ್ವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಗೆಳತಿ ನರಳಿದಳೆಂದು ಅಡುಗೆಮನೆಯಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಬೆನ್ನಿಗೆಲ್ಲ ಕಾವು ಕೊಟ್ಟಳು. ಆ ಕಾವಿಗೆ ಪ್ಯಾಚಿನ ಔಷಧ ಒಮ್ಮೆಲೇ ಮೈಗೆ ಇಳಿಯಿತು.

ಮಧ್ಯಾಹ್ನ ಪುಷ್ಪಾವತಿ ಬಂದು ಕರೆದರೆ ರೇಣವ್ವ ಏಳಲಿಲ್ಲ. ಉಸಿರು ತೀರ ನಿಧಾನ. ಬೆನ್ನು ಮುಟ್ಟಿದರೆ ಬಿಸಿ. ಪ್ಯಾಚ್ ಕಿತ್ತು ಆಂಬುಲೆನ್ಸ್ ಕರೆಸಿದಳು. "ಉಸಿರ ತಗೋ ಆಯಿ, ಮಲಗಬ್ಯಾಡ!" ಎಂದು ದಾರಿಯುದ್ದಕ್ಕೂ ಗದರಿದಳು. ದವಾಖಾನೆಯಲ್ಲಿ ಆ ಔಷಧದ ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟರು. ರೇಣವ್ವ ಕಣ್ಣು ಬಿಟ್ಟಳು.

ಮರುದಿನವೇ ಪುಷ್ಪಾವತಿ ಎಲ್ಲರನ್ನೂ ಕೂಡಿಸಿ ಪ್ಯಾಚ್ ತೋರಿಸಿದಳು. "ಇದರ ಮ್ಯಾಲ ಕಾವು ಬ್ಯಾಡ್ರಿ, ಬಿಸಿನೀರಿನ ಚೀಲ ಬ್ಯಾಡ. ನೋವಾದ್ರ ನನ್ನ ಕರೀರಿ. ನೋವು ಕಡಿಮಿ ಮಾಡೂದು ನನ್ನ ಹೊಣಿ. ಇದನ್ನ ಮೊದಲ ಹೇಳಲಿಲ್ಲ, ಅದು ನನ್ನ ತಪ್ಪು." ಅಂದಿನಿಂದ ಪ್ಯಾಚ್ ಅಂಟಿಸುವಾಗ ಅಕ್ಕಪಕ್ಕದ ಮಂಚದವರನ್ನೂ ಕರೆದು ತೋರಿಸಿಯೇ ಅಂಟಿಸುತ್ತಾಳೆ.

ರೇಣವ್ವ ಮರಳಿ ಬಂದಳು. ಕಳಕವ್ವ ಮಾತ್ರ ಅವಳ ಹತ್ತಿರ ಸುಳಿಯಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಗೆಳತಿಯನ್ನು ಕೊಂದೇಬಿಡುತ್ತಿದ್ದೆ ಎಂಬ ಅಂಜಿಕೆ ಅವಳಿಗೆ.

"ಅಕಿ ಕೈ ಬೆನ್ನಮ್ಯಾಲ ಇಲ್ದ ನನಗ ನಿದ್ದಿ ಬರವಲ್ದು," ಎಂದು ರೇಣವ್ವ ಪುಷ್ಪಾವತಿಗೆ ಹೇಳಿದಳು.

ಪುಷ್ಪಾವತಿ ಕಳಕವ್ವನನ್ನು ಎಬ್ಬಿಸಿ ಕರೆತಂದು ರೇಣವ್ವನ ಮಂಚದ ಮೇಲೆ ಕೂರಿಸಿದಳು. "ಕಾವು ಬ್ಯಾಡ ಅಂದೀನ್ರಿ ಆಯಿ. ಕೈ ಬ್ಯಾಡ ಅಂದಿಲ್ಲ."

ಕಳಕವ್ವ ಕೈಯನ್ನು ಪುಷ್ಪಾವತಿಯ ಮುಂದೆ ಚಾಚಿದಳು. "ಮೊದಲ ನೀ ಮುಟ್ಟಿ ನೋಡವ್ವಾ. ಭಾಳ ಬಿಸಿ ಇಲ್ಲಲ್ಲ?"

ಫೌಜದಾರನ ಕಣ್ಣು ತುಂಬಿ ಬಂತು. ಆ ಕೈಯನ್ನು ಗಟ್ಟಿಯಾಗಿ ಹಿಡಿದು ನೋಡಿ, ರೇಣವ್ವನ ಬೆನ್ನಿಗೆ, ಪ್ಯಾಚ್ ಇಲ್ಲದ ಕಡೆ ಇಟ್ಟಳು.

"ಇಲ್ರಿ ಆಯಿ, ಇಷ್ಟ ಬಿಸಿ ಇರಬೇಕು."