ಮೊಟ್ಟೆಗೂ ಗಾಳಿ ಬೇಕು

ಚಿನ್ನದ ಗಣಿಯ ಊರಿಗಾಂನ ಒಂದು ಮನೆಗೆ ನೀರಿನ ಫಿಲ್ಟರ್ ರಿಪೇರಿಗೆ ಹೋಗಿದ್ದೆ. ಸಿಂಕಿನ ಪಕ್ಕ ಒಂದು ಗಾಜಿನ ಬಾಟಲಿ, ಅದರೊಳಗೆ ಸಣ್ಣ ಪೈಪು. ಫಿಲ್ಟರಿನ ವೇಸ್ಟ್ ನೀರು ಹಿಡಿಯಲು ಇಟ್ಟಿದ್ದಾರೆ ಅಂದುಕೊಂಡು ಸಿಂಕಿಗೆ ಬಗ್ಗಿಸಲು ಹೋದೆ.

“ಅಯ್ಯಯ್ಯೋ, ಬಿಡಪ್ಪಾ! ಮೀನಿನ ಮೊಟ್ಟೆ ಐತೆ ಅದ್ರಲ್ಲಿ!” ಮನೆಯ ತಾತ ಓಡಿಬಂದು ಕಿತ್ತುಕೊಂಡರು.

ನೋಡಿದರೆ ಕ್ಯಾಟ್‌ಫಿಶ್ ಮೊಟ್ಟೆ! ನನ್ನ ಮನೆಯ ಅಕ್ವೇರಿಯಂನಲ್ಲೂ ಅದೇ ಮೀನು. ದೊಡ್ಡ ಮೀನುಗಳು ಮೊಟ್ಟೆ ತಿಂದುಬಿಡುತ್ತವೆ ಅಂತ ನಾನೂ ಅವನ್ನು ಬೇರೆ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಜೋಪಾನ ಮಾಡುತ್ತಿದ್ದೆ. ಮೂರು ಸಲವೂ ಬೂಸ್ಟು ಹಿಡಿದಿತ್ತು. ನಾಚಿಕೆ ಬಿಟ್ಟು ಹೇಳಿಕೊಂಡೆ.

ತಾತನ ಸಿಟ್ಟು ಅಲ್ಲೇ ಇಳಿಯಿತು. “ಮುಚ್ಚಳ ಹಾಕಿದ್ಯಾ? ಉಸ್ರು ಕಟ್ಟಿ ಸಾಯ್ತವಪ್ಪಾ. ನಾವು ಗಣಿಗೆ ಇಳಿದಾಗ ಮೇಲಿಂದ ಗಾಳಿ ಬಿಡ್ತಿದ್ರು. ಅದು ನಿಂತ್ರೆ ನಮ್ ಕತೆ ಮುಗೀತು. ಇವಕ್ಕೂ ಅಷ್ಟೇ, ಈ ಪೈಪಲ್ಲಿ ಗಾಳಿ ಬಿಡ್ತಾ ಇರ್ಬೇಕು. ಬೆಳ್ಳಗಾದ ಮೊಟ್ಟೆ ತೆಗ್ದು ಬಿಸಾಕು, ಇಲ್ದಿದ್ರೆ ಪಕ್ಕದ್ದೂ ಕೆಡ್ತದೆ.”

ಹೊರಡುವಾಗ ಸೆಲ್ ಹಾಕುವ ಸಣ್ಣ ಗಾಳಿ ಪಂಪೊಂದನ್ನು ತಾವೇ ನನ್ನ ಟೂಲ್ ಬ್ಯಾಗಿಗೆ ತುರುಕಿದರು. ಅವರ ಮೊಟ್ಟೆ ಚೆಲ್ಲಲು ಹೋದವನಿಗೆ!

ಈಗ ಬಂಗಾರಪೇಟೆಯ ನಮ್ಮ ಮನೆಯಲ್ಲಿ ಹನ್ನೊಂದು ಮರಿಗಳಿವೆ. ಕರೆಂಟು ಹೋದಾಗ ಮನೆಯಲ್ಲಿ ಗಾಳಿ ಸಿಗುವುದು ಅವಕ್ಕೆ ಮಾತ್ರ. ಹೆಂಡತಿ ರಟ್ಟಿನ ತುಂಡಿನಿಂದ ಬೀಸಿಕೊಳ್ಳುತ್ತಾ, ಮರಿಗಳನ್ನು ದುರುಗುಟ್ಟಿ ನೋಡಿ, “ಆ ತಾತನ ಮನೆ ಎಲ್ಲಿ ಬರ್ತದೆ?” ಅಂತ ಕೇಳುತ್ತಾಳೆ. ತಾತನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ವಿಳಾಸ ಮಾತ್ರ ಇನ್ನೂ ಹೇಳಿಲ್ಲ.