ತೊಗಟೆಗೆ ಕಟ್ಟಿದ ಕಾಯಿ

ಇವತ್ತು ಬೆಳಿಗ್ಗೆ ಬ್ಯಾಗಿನ ಜಿಪ್ ಎಳೆದೆ ನೋಡಿ, ಒಣಗಿದ ಹೊಳೆಮತ್ತಿ ಮರದ ತೊಗಟೆಯ ಒಗರು ವಾಸನೆ ಮೂಗಿಗೆ ಬಡಿಯಿತು. ತೊಗಟೆಯ ಕಟ್ಟಿಗೆ ಅದರ ಕಾಯಿಯನ್ನೂ ಕಟ್ಟಿದ್ದೇನೆಯೇ ಎಂದು ಕೈ ತಾನಾಗಿ ತಡಕಿತು. ಈ ಅಭ್ಯಾಸ ನನ್ನದಲ್ಲ, ದೊಡ್ಡಮ್ಮನದು.

ಸಿದ್ದರಬೆಟ್ಟದ ತಪ್ಪಲಲ್ಲಿ ಕುರಿ ಮೇಯಿಸುತ್ತಲೇ ಗಿಡಮರ ಕಲಿತವಳು ಅವಳು. ಎದೆ ಗಟ್ಟಿಯಾಗಲೆಂದು ಕೇಳಿ ಬಂದವರಿಗೆ ಹೊಳೆಮತ್ತಿ ತೊಗಟೆ ಕೊಡುತ್ತಿದ್ದಳು. ಪ್ರತಿ ಕಟ್ಟಿಗೂ ಅದೇ ಮರದ ಎಲೆ, ಕಾಯಿ ಇರುವ ಪುಟ್ಟ ಟಿಸಿಲನ್ನು ಕಟ್ಟದೆ ಕೊಟ್ಟವಳಲ್ಲ. ಬರೀ ತೊಗಟೆ ನೋಡಿದರೆ ಯಾರು ಬೇಕಾದರೂ ಮೋಸ ಹೋಗುತ್ತಾರಂತೆ. ದೊಡ್ಡಪ್ಪನ ಕಾಲಿನ ಗಾಯ ನಂಜಾಗಿ ಮೈಗೆಲ್ಲ ಏರಿದಾಗಲೂ ಮೂರು ದಿನ ಆ ತೊಗಟೆಯ ಕಷಾಯವನ್ನೇ ಕುಡಿಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಹೃದಯ ಸೋತು ಜೀವ ಹೋಗಿತ್ತು. ಆಮೇಲೆ, ಜ್ವರವೆಂದು ಬಂದವರನ್ನೆಲ್ಲ ಬೈದು ಕೊರಟಗೆರೆ ಆಸ್ಪತ್ರೆಗೆ ಬಸ್ಸು ಹತ್ತಿಸುತ್ತಿದ್ದಳು. ಆದರೆ ತನ್ನ ತೊಗಟೆ ಸುಳ್ಳೇ ಎಂಬ ಪ್ರಶ್ನೆ ಅವಳನ್ನು ಬಿಡಲೇ ಇಲ್ಲ.

ನನ್ನ ತಂಗಿಯ ಮಗಳು ರೂಪಾ ಈಗ ಲ್ಯಾಬಿನಲ್ಲಿ ಅದನ್ನೇ ಹುಡುಕುತ್ತಾಳೆ: ಮೈಗೆಲ್ಲ ನಂಜೇರಿದಾಗ ಹೃದಯವನ್ನು ಕಾಯುವ ಅಂಶ ಗಿಡಮರಗಳಲ್ಲಿ ಇದೆಯೇ ಎಂದು. ಹೋದ ವರ್ಷ ತೊಗಟೆ ಕೇಳಿದಳು. ನಾನೋ ನಿವೃತ್ತ ವಿಜ್ಞಾನ ಮೇಷ್ಟ್ರು. ಯಾರನ್ನೂ ಕೇಳದೆ ಕೆತ್ತಿ ಚೀಲ ತುಂಬಿಸಿದೆ. ದೊಡ್ಡಮ್ಮ ಒಂದು ಚಕ್ಕೆ ಎತ್ತಿ ನೋಡಿದಳು.

"ಇದು ಕರಿಮತ್ತಿ ಕಣ್ಲಾ. ಮೊಸಳೆ ಚರ್ಮ ಇದ್ದಂಗೈತೆ, ಕಾಣಾಕಿಲ್ವಾ? ಹೊಳೆಮತ್ತಿ ನುಣ್ಣಗಿರ್ತದೆ. ಕಾಯಿ ಯಾಕ್ಲಾ ಕಟ್ಟಿಲ್ಲ? ಇಷ್ಟು ವರ್ಷ ಮಕ್ಳಿಗೆ ಏನ್ ಹೇಳ್ಕೊಟ್ಟೆ?"

ನಾನು ಇಂಗು ತಿಂದ ಮಂಗನಂತಾದೆ. ಮರುದಿನ ಕೋಲೂರಿಕೊಂಡು ಬಂದು ಸರಿಯಾದ ಮರ ತೋರಿಸಿದಳು. ಫೋನಿನಲ್ಲಿ ರೂಪಾಗೆ ಹೇಳಿದ್ದು ಒಂದೇ ಮಾತು: "ಅದ್ರಾಗೆ ಏನೂ ಇಲ್ಲಾಂದ್ರೂ ನಂಗೆ ಹೇಳ್ಬುಡು ಮಗಾ. ಮುಚ್ಚಿಡಬ್ಯಾಡ."

ಕಟ್ಟು ತಲುಪಿದಾಗ ರೂಪಾ ಕುಣಿದಾಡಿದಳು. "ಮಾವ, ಎಲೆ ಕಾಯಿ ಜೊತೆಗಿಟ್ಟು ಮರ ಗುರುತಿಸೋದೇ ನಮ್ಮ ಲ್ಯಾಬಿನ ಮೊದಲ ನಿಯಮ. ಅಜ್ಜಿಗೆ ಯಾರು ಹೇಳ್ಕೊಟ್ರು?" ಯಾರೂ ಇಲ್ಲ ಎನ್ನುವಾಗ ನನ್ನ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಮೊನ್ನೆ ಅವಳೇ ಬಂದು ಅಜ್ಜಿಯ ಪಕ್ಕ ಕೂತಳು. "ಗಾಜಿನ ತಟ್ಟೇಲಿ ಬೆಳೆಸಿದ ಹೃದಯದ ಜೀವಕೋಶಗಳು, ನಿಮ್ಮ ತೊಗಟೆ ರಸ ಹಾಕಿದಾಗ ನಂಜನ್ನ ಸ್ವಲ್ಪ ತಡ್ಕೊಂಡ್ವು ಅಜ್ಜಿ. ಮನುಷ್ಯರಲ್ಲೂ ಕೆಲಸ ಮಾಡುತ್ತಾ, ಇನ್ನೂ ಗೊತ್ತಿಲ್ಲ. ತಾತಂಗೆ ಅವತ್ತು ಬೇಕಾಗಿದ್ದಿದ್ದು ಆಸ್ಪತ್ರೇನೇ."

 ದೊಡ್ಡಮ್ಮ ಅವಳ ತಲೆ ಸವರಿದಳು. "ಗೊತ್ತಿಲ್ಲ ಅಂತ ಹೇಳಾಕೆ ಬಂತಲ್ಲ ನಿಂಗೆ. ಅವತ್ತು ನಂಗೆ ಬರ್ಲಿಲ್ಲ ಕಣಮ್ಮ."

ಈ ಬ್ಯಾಗಿನಲ್ಲಿರುವುದು ರೂಪಾ ಕೇಳಿದ ಎರಡನೇ ಕಟ್ಟು. ಮರ ಹುಡುಕಿದ್ದು ನಾನೇ, ಕಾಯಿ ಕಟ್ಟಿದ್ದೂ ನಾನೇ. ಇದು ಹೊಳೆಮತ್ತಿಯೇ ಎಂದು ನನಗೆ ಗೊತ್ತು. ಆದರೂ ಬಸ್ಸು ಹತ್ತುವ ಮುಂಚೆ ದೊಡ್ಡಮ್ಮನಿಗೊಮ್ಮೆ ತೋರಿಸಿಯೇ ಹೋಗುತ್ತೇನೆ.