ಕೊನೆಯ ಅಧ್ಯಾಯದಲ್ಲಿ ಬಂದ ಕೊಲೆಗಾರ

ಐವರ್ನಾಡಿನ ಕುಂಞಿಪಾತುಮ್ಮನವರಿಗೆ ಕನ್ನಡ ಮಾತನಾಡಲು ಚೆನ್ನಾಗಿ ಬರುತ್ತದೆ, ಓದಲು ಬಾರದು. ಆದರೂ ಒಂದು ಪತ್ತೇದಾರಿ ಕಾದಂಬರಿ ಅಚ್ಚಾಗಿ ಬರಲೆಂದು ಅವರಷ್ಟು ಕಾದವರು ಈ ಸೀಮೆಯಲ್ಲಿ ಬೇರೊಬ್ಬರು ಇರಲಾರರು. ಅದು ಅವರ ಗಂಡನ ಕೊಲೆಯ ಕಥೆ.

ಗಂಡ ಕುಂಞಿ ಮೋನು ಅಡಿಕೆ ವ್ಯಾಪಾರಿ. ಜೀಪಿನಲ್ಲಿ ಮನೆಮನೆಗೆ ಹೋಗಿ ಅಡಿಕೆ ಕೊಂಡು ಸುಳ್ಯದಲ್ಲಿ ಮಾರುತ್ತಿದ್ದರು. ಮಾತು ಕಡಿಮೆ, ನಗು ಹೆಚ್ಚು. ಒಂದು ದಿನ ಕಡಬದ ಕಡೆಗೆ ಹೋದವರು ಹಿಂದಿರುಗಲಿಲ್ಲ. ಮರುದಿನ ರಬ್ಬರ್ ತೋಟದ ಪಕ್ಕದಲ್ಲಿ ಜೀಪು ಸಿಕ್ಕಿತು; ಒಳಗೆ, ತಲೆಗೆ ಪೆಟ್ಟು ಬಿದ್ದ ಅವರ ಹೆಣ. ಪೊಲೀಸರು ಬಂದರು, ಕೇಳಿದರು, ಬರೆದುಕೊಂಡರು. ಕ್ರಮೇಣ ಬರುವುದನ್ನು ನಿಲ್ಲಿಸಿದರು.

ಆದರೆ ಕುಂಞಿಪಾತುಮ್ಮನವರ ಮನಸ್ಸಿನಲ್ಲಿ ಒಂದು ಹೆಸರು ಕೂತುಬಿಟ್ಟಿತ್ತು. ನೌಷಾದ್. ಬೇಲಿಯಾಚೆಯ ಸಫಿಯಮ್ಮನ ತಮ್ಮ, ಗಂಡನ ವ್ಯಾಪಾರದ ಪಾಲುದಾರ. ಕೊಲೆಗೆ ಸ್ವಲ್ಪ ಮುಂಚೆ ಇಬ್ಬರೂ ಅಂಗಳದಲ್ಲಿ ಜೋರಾಗಿ ಜಗಳವಾಡಿದ್ದರು. ಕೊಲೆಯಾದ ಮೇಲೆ ಅವನು ದುಬೈಗೆ ಹೋದ. ಬೇರೆ ಸಾಕ್ಷಿಯೇನೂ ಇರಲಿಲ್ಲ.

ರಂಜಾನಿನ ಸಂಜೆ ನೆರೆಮನೆಗೆ ತಟ್ಟೆಯಲ್ಲಿ ತಿಂಡಿ ಕಳುಹಿಸುವುದು, ಬಂದ ತಟ್ಟೆಯಲ್ಲಿ ತಮ್ಮ ಮನೆಯದೇನನ್ನಾದರೂ ಇಟ್ಟು ಹಿಂದಿರುಗಿಸುವುದು ಅಲ್ಲಿನ ವಾಡಿಕೆ. ಸಫಿಯಮ್ಮ ಪ್ರತಿ ವರ್ಷವೂ ಕಳುಹಿಸಿದರು. ಕುಂಞಿಪಾತುಮ್ಮ ತಟ್ಟೆಯನ್ನು ತೊಳೆದು, ಒರೆಸಿ, ಬರಿದಾಗಿಯೇ ಹಿಂದಿರುಗಿಸಿದರು. ಸಫಿಯಮ್ಮನಿಗೆ ಅರ್ಥವಾಗಿತ್ತು. ಮರುವರ್ಷ ಮತ್ತೆ ತಟ್ಟೆ ಬರುತ್ತಿತ್ತು.

ಹೀಗಿರುವಾಗ, ವಕೀಲರ ಗುಮಾಸ್ತರಾಗಿದ್ದ ವೆಂಕಪ್ಪನವರು ಬಂದು, ಈ ಕೊಲೆಯ ಮೇಲೆ ಕಾದಂಬರಿ ಬರೆಯುತ್ತೇನೆ ಎಂದರು. ಕೋರ್ಟಿನ ಒಳಹೊರಗು ಬಲ್ಲವರು, ಕೊಂದವರು ಯಾರೆಂದು ಗೊತ್ತಿಲ್ಲದೆ ಬರೆಯುವರೇ ಎಂದು ಕುಂಞಿಪಾತುಮ್ಮ ನಂಬಿದರು. ಚಹಾ ಕೊಟ್ಟು, ನೆನಪಿದ್ದುದನ್ನೆಲ್ಲ ಹೇಳಿದರು. ನೌಷಾದನ ಮೇಲಿನ ಸಂಶಯವನ್ನು ಮಾತ್ರ ಹೇಳಲಿಲ್ಲ. ಅವನೇ ಹೌದೆಂದು ಪುಸ್ತಕವೇ ಹೇಳಲಿ, ಇಲ್ಲವೇ ಅವನಲ್ಲವೆನ್ನಲಿ ಎಂದು ಕಾದರು.

ಪುಸ್ತಕ ಬಂತು. ಮಧ್ಯಾಹ್ನದ ಊಟವಾದ ಮೇಲೆ ಸೊಸೆ ಶಾಹಿದಾ ಕನ್ನಡದಲ್ಲಿ ಓದಿ ಮನೆಮಾತಾದ ಬ್ಯಾರಿಯಲ್ಲಿ ಹೇಳತೊಡಗಿದಳು. ಅದರಲ್ಲಿ ಕುಂಞಿ ಮೋನು ಚಿನ್ನ ಸಾಗಿಸುವ ಸಾಹುಕಾರರಾಗಿದ್ದರು.

“ಅವರು ಚಿನ್ನ ಕಂಡದ್ದು ಎಲ್ಲಿ? ನನ್ನ ಕಿವಿಯ ಓಲೆ ಕಳೆದುಹೋದದ್ದೇ ಅವರಿಗೆ ತಿಂಗಳು ಕಳೆದ ಮೇಲೆ ಗೊತ್ತಾದದ್ದು.”

“ಕಥೆ ಅಲ್ವಾ ಉಮ್ಮ.”

“ಸರಿ, ಮುಂದೆ ಹೋಗು. ಕೊಂದದ್ದು ಯಾರು?”

“ತಡೆಯಿರಿ, ಇನ್ನೂ ಅರ್ಧ ಪುಸ್ತಕ ಉಂಟು.”

ಕೊನೆಯ ಅಧ್ಯಾಯದಲ್ಲಿ, ಅದುವರೆಗೆ ಎಲ್ಲಿಯೂ ಸುಳಿಯದಿದ್ದ ಮುಂಬಯಿಯ ಒಬ್ಬ ರೌಡಿ, ಕೆನ್ನೆಯ ಮೇಲೊಂದು ಗಾಯದ ಗುರುತಿನೊಡನೆ ಬಂದು ಸಿಕ್ಕಿಬಿದ್ದ. ಪುಸ್ತಕ ಮುಗಿಯಿತು.

“ಇಷ್ಟೇಯಾ?”

“ಇಷ್ಟೇ ಉಮ್ಮ.”

ಮರುದಿನ ಕುಂಞಿಪಾತುಮ್ಮ ವೆಂಕಪ್ಪನವರ ಮನೆಗೆ ಹೋದರು.

“ವೆಂಕಪ್ಪಣ್ಣ, ಆ ಮುಂಬಯಿಯವ ಯಾರು?”

“ಅವ ಯಾರೂ ಅಲ್ಲ ಪಾತುಮ್ಮಕ್ಕ. ಕಥೆಗೆ ಒಬ್ಬ ಬೇಕಲ್ಲ. ಊರಿನವರನ್ನು ಹಾಕಿದರೆ ಮತ್ತೆ ನಾನು ಪೇಟೆಗೆ ಹೋಗುದು ಹೇಗೆ?”

“ಹಾಗಾದರೆ ನಿಜವಾಗಿ ಕೊಂದವ ಯಾರೆಂದು ನಿಮಗೆ ಗೊತ್ತುಂಟಾ?”

“ಪೊಲೀಸರಿಗೇ ಸಿಗದವ ನನಗೆ ಸಿಗ್ತಾನಾ ಮಾರಾಯ್ರೆ?” ಎಂದು ವೆಂಕಪ್ಪನವರು ನಕ್ಕರು. ಕುಂಞಿಪಾತುಮ್ಮನವರ ಮುಖ ನೋಡಿ ನಗು ನಿಂತಿತು. “ಕೂತುಕೊಳ್ಳಿ, ಚಹಾ ಕುಡಿದು ಹೋಗಿ.”

ಕುಂಞಿಪಾತುಮ್ಮ ಕೂರಲಿಲ್ಲ.

ಇನ್ನು ಹೇಳುವವರು ಯಾರೂ ಇಲ್ಲ ಎಂಬುದು ಹಿಂದಿರುಗುವ ದಾರಿಯಲ್ಲಿ ಅವರಿಗೆ ಖಚಿತವಾಯಿತು. ನೌಷಾದನೇ ಕೊಂದಿದ್ದರೆ ತಾನು ಮುನಿದದ್ದು ಏನೂ ಸಾಲದು. ಕೊಂದಿಲ್ಲವಾದರೆ? ಅದರ ಮುಂದಕ್ಕೆ ಯೋಚಿಸಲು ಅವರಿಗೆ ಧೈರ್ಯ ಸಾಲಲಿಲ್ಲ.

ಅಂಗಳಕ್ಕೆ ಬಂದಾಗ ಬೇಲಿಯ ಬಳಿ ಸಫಿಯಮ್ಮ ನಿಂತಿದ್ದರು. ತೀರ ಮುದುಕಿಯಾಗಿದ್ದರು. ಕುಂಞಿಪಾತುಮ್ಮ ಆ ಮುಖವನ್ನು ನೇರವಾಗಿ ನೋಡಿ ಎಷ್ಟೋ ಕಾಲವಾಗಿತ್ತು.

“ಪಾತು, ಶಾಹಿದಾ ಓದಿ ಮುಗಿಸಿದಳಂತೆ. ಅದರಲ್ಲಿ ನೌಷಾದನ ಹೆಸರು ಉಂಟಾ?”

“ಇಲ್ಲ.”

ಸಫಿಯಮ್ಮ ಕದಲಲಿಲ್ಲ. ಅವರಿಗೆ ಇನ್ನೊಂದು ಮಾತು ಬೇಕಿತ್ತು. ‘ಅವನಲ್ಲ’ ಎಂದುಬಿಡಲು ಕುಂಞಿಪಾತುಮ್ಮನವರಿಗೂ ಆಸೆಯಾಯಿತು. ಬಾಯಿ ತೆರೆದರು ಕೂಡ. ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು?

“ಯಾರ ಹೆಸರೂ ಇಲ್ಲ ಸಫಿಯಾ,” ಎಂದರು.

ಸಫಿಯಮ್ಮ ತಲೆಯಾಡಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮ ಮನೆಯ ಕಡೆಗೆ ಮೆಲ್ಲಗೆ ನಡೆದರು.